‘ಬಾಟಲಿ ಯಾಕೆ ಮುಗಿಯುತ್ತಿಲ್ಲ?’ ಎಂದು ಕೇಳಿದ ಹುಡುಗಿ

ಸಂಪಾದಕರಿಗೆ,

ಮಾನ್ಯರೆ,

ನಾನು ಬಿ.ಎಸ್ಸಿ. ನರ್ಸಿಂಗ್ ಮೂರನೇ ವರ್ಷದ ವಿದ್ಯಾರ್ಥಿನಿ. ಊರು ಹಿರಿಯೂರು ತಾಲ್ಲೂಕಿನ ಒಂದು ಹಳ್ಳಿ, ಓದುತ್ತಿರುವುದು ಬೇರೆ ಜಿಲ್ಲೆಯಲ್ಲಿ. ಕಳೆದ ವರ್ಷ ಸರ್ಕಾರಿ ಆಸ್ಪತ್ರೆಯೊಂದರ ಮಹಿಳೆಯರ ಮೆಡಿಕಲ್ ವಾರ್ಡಿನಲ್ಲಿ ನಮಗೆ ಪೋಸ್ಟಿಂಗ್ ಇತ್ತು. ಅಲ್ಲಿ ಕಂಡದ್ದೊಂದು ಅಂದಿನಿಂದ ಮನಸ್ಸನ್ನು ಕೊರೆಯುತ್ತಲೇ ಇದೆ. ಪತ್ರ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಬೇಕೆಂದು ಕೋರುತ್ತೇನೆ.

ಕೂಲಿ ಮಾಡಿ ಬದುಕುವ ಒಬ್ಬ ತಾಯಿ. ಬಹಳ ವರ್ಷಗಳ ಸಕ್ಕರೆ ಕಾಯಿಲೆ, ಬಲಗಾಲಿನ ಬೆರಳ ಸಂದಿಯಲ್ಲಿ ಒಂದು ಹುಣ್ಣು. ಮಾತ್ರೆಗೆ ಶುಗರ್ ಬಗ್ಗದಿದ್ದಾಗ ವೈದ್ಯರು ಇನ್ಸುಲಿನ್ ಶುರು ಮಾಡಿದರು. ಎಂಟು ದಿನದಲ್ಲಿ ಶುಗರ್ ಇಳಿಯಿತು, ಹುಣ್ಣು ಒಣಗತೊಡಗಿತು. ಒಂಬತ್ತನೆಯ ದಿನ ಡಿಸ್ಚಾರ್ಜ್. ಜೊತೆಗಿದ್ದವಳು ಹತ್ತನೇ ತರಗತಿಯ ಮಗಳೊಬ್ಬಳೇ. ಅವಳ ಕೈಗೆ ಒಂದು ಚೀಟಿ ಬಂತು. ಇಂಗ್ಲಿಷಿನಲ್ಲಿ ಇನ್ಸುಲಿನ್ 30/70 (ಎರಡು ಬಗೆಯ ಇನ್ಸುಲಿನ್ ಬೆರೆತದ್ದು), ಬೆಳಿಗ್ಗೆ 20, ರಾತ್ರಿ 14, ಊಟಕ್ಕೆ ಮುಂಚೆ ಎಂದಿತ್ತು. ‘ಬರೆದಿದೆ, ನೋಡಿಕೊಂಡು ಹಾಕು’ ಎಂದು ಹೇಳಿ ಕಳಿಸಲಾಯಿತು. ಆ ಹೊತ್ತಿನಲ್ಲಿ ನಾನು ಪಕ್ಕದ ಹಾಸಿಗೆಯ ಚಾದರ ಬದಲಿಸುತ್ತಿದ್ದೆ. ಒಂದು ಮಾತು ಕೇಳಲಿಲ್ಲ, ಒಂದು ಮಾತು ಹೇಳಲಿಲ್ಲ.

ಮನೆಗೆ ಹೋದ ಹದಿನಾರನೆಯ ದಿನ ಅವರು ಮತ್ತೆ ಬಂದರು. ಶುಗರ್ 468. ಹುಣ್ಣಿನ ಅಂಚು ಕಪ್ಪಾಗಿತ್ತು, ವಾಸನೆ ಬರುತ್ತಿತ್ತು. ‘ಇಂಜೆಕ್ಷನ್ ಬಿಟ್ಟಿದ್ದೀರಾ?’ ಎಂದು ಕೇಳಿದವರಿಗೆಲ್ಲ ಹುಡುಗಿ ‘ಒಂದು ದಿನವೂ ಬಿಟ್ಟಿಲ್ಲ’ ಎಂದೇ ಹೇಳಿದಳು. ಯಾರೂ ನಂಬಲಿಲ್ಲ. ಕೇಸ್ ಶೀಟಿನಲ್ಲಿ ಚಿಕಿತ್ಸೆಯನ್ನು ಸರಿಯಾಗಿ ಪಾಲಿಸಿಲ್ಲ ಎಂಬ ಅರ್ಥದ ಎರಡು ಪದ ಬಿದ್ದವು. ಸಂಜೆ ಅವಳು ವೈರ್ ಬುಟ್ಟಿಯಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ನನ್ನ ಮುಂದಿಟ್ಟಳು. ಒಳಗೆ ಇನ್ಸುಲಿನ್ ಬಾಟಲಿ, ಹತ್ತಿ, ಎರಡು ಸಿರಿಂಜು. ‘ಅಕ್ಕ, ನೀವಾದರೂ ನೋಡಿ. ಇಲ್ಲಿ ಸಿಸ್ಟರ್ ಬೆಳಿಗ್ಗೆ ಹಾಕುವಾಗ ಔಷಧಿ ಸಿರಿಂಜಿನಲ್ಲಿ ಅರ್ಧದವರೆಗೆ ಬರುತ್ತಿತ್ತು. ಮನೆಯಲ್ಲಿ 20ರ ಗೆರೆಗೆ ಎಳೆದರೆ ಇಷ್ಟೇ ಇಷ್ಟು ಬರುತ್ತದೆ. ಬಾಟಲಿ ಯಾಕೆ ಮುಗಿಯುತ್ತಿಲ್ಲ?’ ಎಂದಳು.

ಸಿರಿಂಜಿನ ಮುಚ್ಚಳ ಕಿತ್ತಳೆ ಬಣ್ಣದ್ದು. ನನ್ನ ಎದೆ ಧಸಕ್ಕೆಂದಿತು.

ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮಲ್ಲಿ ಸಿಗುವ ಇನ್ಸುಲಿನ್ ಬಾಟಲಿಗಳಲ್ಲಿ ಹೆಚ್ಚಿನವು ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವಂಥವು. ಅವಕ್ಕೆ 40ರ ಗುರುತಿನ, ಕೆಂಪು ಮುಚ್ಚಳದ ಸಿರಿಂಜನ್ನೇ ಬಳಸಬೇಕು. ಅದರಲ್ಲಿ 20ರ ಗೆರೆ ಎಂದರೆ ಅರ್ಧ ಮಿಲಿಲೀಟರ್. ಕಿತ್ತಳೆ ಮುಚ್ಚಳದ್ದು ಮಿಲಿಲೀಟರಿಗೆ 100 ಯೂನಿಟ್ ಇರುವ ಇನ್ಸುಲಿನ್‌ಗೆ ತಯಾರಾದದ್ದು. ಅದರಲ್ಲಿ 20ರ ಗೆರೆ ಎಂದರೆ ಒಂದು ಮಿಲಿಲೀಟರಿನ ಐದನೇ ಒಂದು ಭಾಗ ಅಷ್ಟೇ. 40ರ ಬಾಟಲಿಯಿಂದ ಕಿತ್ತಳೆ ಸಿರಿಂಜಿಗೆ 20ರ ಗೆರೆಯವರೆಗೆ ಎಳೆದರೆ ಮೈಗೆ ಸೇರುವುದು 8 ಯೂನಿಟ್. ಔಷಧಿ ಅಂಗಡಿಯಲ್ಲಿ ‘ಇನ್ಸುಲಿನ್ ಸಿರಿಂಜು’ ಎಂದು ಕೇಳಿದ್ದಾಳೆ, ಅವರು ಇನ್ಸುಲಿನ್ ಸಿರಿಂಜನ್ನೇ ಕೊಟ್ಟಿದ್ದಾರೆ. ಬಣ್ಣದ ಮಾತು ಚೀಟಿಯಲ್ಲಿರಲಿಲ್ಲ. ಹೀಗೆ ದಿನಕ್ಕೆ 34 ಯೂನಿಟ್ ಬೇಕಾದ ತಾಯಿಗೆ ಹದಿನಾರು ದಿನ 14 ಯೂನಿಟ್ ಕೂಡ ಸಿಕ್ಕಿರಲಿಲ್ಲ. ಹನ್ನೆರಡು ದಿನದೊಳಗೆ ಖಾಲಿಯಾಗಬೇಕಿದ್ದ ಹತ್ತು ಮಿಲಿಲೀಟರ್ ಬಾಟಲಿಯಲ್ಲಿ ಇನ್ನೂ ಅರ್ಧಕ್ಕೆ ಹತ್ತಿರ ಔಷಧಿ ಉಳಿದಿತ್ತು. ಬಾಟಲಿ ಬಾಳಿಕೆ ಬಂತಲ್ಲ ಎಂದು ತಾಯಿ ಸಮಾಧಾನಪಟ್ಟುಕೊಂಡಿದ್ದರಂತೆ. ಹುಡುಗಿಗೆ ಮಾತ್ರ ಅನುಮಾನ ಬಂದಿತ್ತು.

ಅನುಮಾನವನ್ನು ಅವಳು ಮನಸ್ಸಿನಲ್ಲೇ ಇಟ್ಟುಕೊಂಡಿರಲಿಲ್ಲ. ಊರಿನ ಹತ್ತಿರ ಡ್ರೆಸ್ಸಿಂಗ್ ಮಾಡಿಸಲು ಹೋದಾಗ ಅಲ್ಲಿದ್ದವರನ್ನು ಇದೇ ಪ್ರಶ್ನೆ ಕೇಳಿದ್ದಳು. ‘ಬರೆದಷ್ಟು ಹಾಕು, ನಿನ್ನ ಬುದ್ಧಿ ಓಡಿಸಬೇಡ’ ಎಂಬ ಉತ್ತರ ಸಿಕ್ಕಿತ್ತು. ಆ ತಾಯಿಯ ಎರಡು ಕಾಲ್ಬೆರಳುಗಳನ್ನು ತೆಗೆಯಬೇಕಾಯಿತು. ಹುಣ್ಣು ಮೊದಲೇ ಇತ್ತು, ಎಲ್ಲವೂ ಸಿರಿಂಜಿನಿಂದಲೇ ಆಯಿತೆಂದು ನಾನು ಹೇಳುವುದಿಲ್ಲ. ಆದರೆ ಆ ಹದಿನಾರು ದಿನಗಳನ್ನು ಉಳಿಸಿಕೊಳ್ಳಬಹುದಿತ್ತು. ಅದಕ್ಕೆ ಬೇಕಿದ್ದದ್ದು ಒಂದು ಕೆಂಪು ಮುಚ್ಚಳ, ಇಲ್ಲವೇ ಒಂದು ಮಗುವಿನ ಪ್ರಶ್ನೆಗೆ ತೆರೆದ ಒಂದು ಕಿವಿ.

ನಾವು ‘ಪೇಷೆಂಟ್ ಕಡೆಯವರು’ ಎನ್ನುತ್ತೇವೆ. ಯಾವ ಆಸ್ಪತ್ರೆಗೆ ಹೋದರೂ ಈ ಕೂಗು ಕೇಳುತ್ತದೆ. ರಕ್ತದ ಮಾದರಿಯನ್ನು ಲ್ಯಾಬಿಗೆ ಒಯ್ಯಲು ಪೇಷೆಂಟ್ ಕಡೆಯವರು ಬೇಕು, ಸ್ಟ್ರೆಚರ್ ತಳ್ಳಲು ಬೇಕು, ಮೈ ಒರೆಸಲು, ಬೆಡ್ ಪ್ಯಾನ್ ಇಡಲು, ಗಂಜಿ ಕುಡಿಸಲು ಬೇಕು. ರೌಂಡ್ಸ್ ಶುರುವಾದ ಕೂಡಲೇ ಅವರೇ ಹೊರಗೆ ನಿಲ್ಲಬೇಕು. ರೋಗಿಯ ಬಗ್ಗೆ ಏನು ತೀರ್ಮಾನವಾಯಿತು ಎಂಬುದು ಅವರಿಗೆ ಗೊತ್ತಾಗುವುದು ಬಾಗಿಲ ಸಂದಿಯಿಂದ ಕೇಳಿಸಿದಷ್ಟು ಮಾತ್ರ. ಇಷ್ಟಾಗಿ ಡಿಸ್ಚಾರ್ಜ್ ದಿನ ಅದೇ ಮನುಷ್ಯರ ಕೈಗೆ ಚೀಟಿ ಕೊಟ್ಟು ‘ಚೆನ್ನಾಗಿ ನೋಡಿಕೊಳ್ಳಿ’ ಎನ್ನುತ್ತೇವೆ. ಆಸ್ಪತ್ರೆಯಲ್ಲಿ ಮೂರು ಪಾಳಿಯಲ್ಲಿ ಹಲವರು ಮಾಡಿದ ಕೆಲಸವನ್ನು ಮರುದಿನದಿಂದ ಮನೆಯಲ್ಲಿ ಒಬ್ಬಳೇ ಮಾಡಬೇಕು. ಹೆಚ್ಚಿನ ಮನೆಗಳಲ್ಲಿ ಅವಳು ಹೆಂಡತಿ, ಸೊಸೆ ಅಥವಾ ಮಗಳು.

ನಮ್ಮ ವೃತ್ತಿಯ ತಾಯಿ ಎಂದು ನಾವು ಪ್ರತಿ ಮೇ 12ರಂದು ದೀಪ ಹಚ್ಚಿ ನೆನೆಯುವ ಫ್ಲಾರೆನ್ಸ್ ನೈಟಿಂಗೇಲ್ ಶುಶ್ರೂಷೆಯ ಬಗ್ಗೆ 1859ರಲ್ಲಿ ಬರೆದ ಪ್ರಸಿದ್ಧ ಪುಸ್ತಕ ನರ್ಸ್‌ಗಳಿಗಾಗಿ ಬರೆದದ್ದಲ್ಲ. ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವ ಸಾಮಾನ್ಯ ಹೆಂಗಸರಿಗಾಗಿ ಬರೆದದ್ದು. ಮೊದಲ ವರ್ಷದ ತರಗತಿಯಲ್ಲಿ ಇದನ್ನು ಕೇಳಿದಾಗ ಟಿಪ್ಪಣಿ ಬರೆದುಕೊಂಡು ಸುಮ್ಮನಾಗಿದ್ದೆ. ಸ್ಟೀಲ್ ಡಬ್ಬಿ ನೋಡಿದ ಮೇಲೆ ಅದರ ಅರ್ಥ ತಿಳಿಯಿತು.

ರೋಗಿಗಳಿಗೆ ತಿಳಿವಳಿಕೆ ಕೊಡುವುದು ನಮ್ಮ ಪಠ್ಯದಲ್ಲಿಲ್ಲ ಎಂದುಕೊಳ್ಳಬೇಡಿ. ಬೇಕಾದಷ್ಟಿದೆ. ಪ್ರತಿ ಪೋಸ್ಟಿಂಗ್‌ನಲ್ಲೂ ‘ಹೆಲ್ತ್ ಟಾಕ್’ ಕೊಡಬೇಕು. ಅದಕ್ಕೆ ಇಂಗ್ಲಿಷಿನಲ್ಲಿ ಪಾಠ ಯೋಜನೆ ಬರೆಯಬೇಕು, ಚಾರ್ಟ್ ಬಿಡಿಸಬೇಕು, ಫ್ಲ್ಯಾಷ್ ಕಾರ್ಡ್ ಮಾಡಬೇಕು. ಮಧುಮೇಹದ ಚಾರ್ಟಿಗೆ ನಾನು ಎರಡು ರಾತ್ರಿ ಬಣ್ಣ ಹಚ್ಚಿದ್ದೇನೆ. ವಾರ್ಡಿನ ನಡುವೆ ನಿಂತು ಹದಿನೈದು ನಿಮಿಷ ಮಾತಾಡಿದೆ. ಮೇಡಂ ಅಂಕ ಹಾಕಿದರು. ಆ ತಾಯಿಯೂ ಮಗಳೂ ನನ್ನ ಮುಂದೆಯೇ ಕುಳಿತು ಕೇಳಿದ್ದರು. ಆ ಚಾರ್ಟಿನಲ್ಲಿ ಮೇದೋಜೀರಕ ಗ್ರಂಥಿಯ ಚಿತ್ರವಿತ್ತು, ಕಾಯಿಲೆಯ ವಿಧಗಳಿದ್ದವು, ತಿನ್ನಬಾರದ ಹಣ್ಣುಗಳ ಪಟ್ಟಿ ಇತ್ತು. ಸಿರಿಂಜಿನ ಮುಚ್ಚಳದ ಬಣ್ಣವಿರಲಿಲ್ಲ. ನನ್ನ ಪಾಠ ಮಧುಮೇಹದ ಬಗ್ಗೆ ಇತ್ತು. ಆ ಹುಡುಗಿಗೆ ಬೇಕಿದ್ದದ್ದು ನಾಳೆ ಬೆಳಿಗ್ಗೆ ಏಳು ಗಂಟೆಗೆ ಅಮ್ಮನ ಹೊಟ್ಟೆಯ ಚರ್ಮ ಹಿಡಿದು ಸೂಜಿ ಹಾಕುವುದು ಹೇಗೆ ಎಂಬುದು.

ಭಾಷೆಯ ತೊಡಕು ಬೇರೆ. ನಾವು ಓದುವುದು, ಪರೀಕ್ಷೆ ಬರೆಯುವುದು ಎಲ್ಲವೂ ಇಂಗ್ಲಿಷಿನಲ್ಲಿ. ಹೈಪೊಗ್ಲೈಸೀಮಿಯಾದ, ಅಂದರೆ ರಕ್ತದಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುವುದರ, ಲಕ್ಷಣಗಳನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇವೆ. ಅದನ್ನೇ ಕನ್ನಡದಲ್ಲಿ ಒಬ್ಬ ಅಜ್ಜಿಗೆ ಹೇಳಿ ಎಂದರೆ ತಡವರಿಸುತ್ತೇವೆ, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಾನೂ ಸೇರಿ. ‘ಶುಗರ್ ಲೋ ಆಗುತ್ತದೆ’ ಎಂದರೆ ‘ಕಾಯಿಲೆ ಕಡಿಮೆಯಾಗುತ್ತದೆ’ ಎಂದು ಸಂತೋಷಪಟ್ಟವರನ್ನು ನಾನು ನೋಡಿದ್ದೇನೆ. ಚೀಟಿಯ ಮೇಲಿನ ಬಿ.ಡಿ. (ದಿನಕ್ಕೆ ಎರಡು ಸಲ), ಟಿ.ಡಿ.ಎಸ್. (ಮೂರು ಸಲ), ಎಚ್.ಎಸ್. (ಮಲಗುವ ಮುಂಚೆ) ಎಂಬ ಅಕ್ಷರಗಳು ನಮ್ಮ ಅನುಕೂಲಕ್ಕೆ ಇರುವಂಥವು. ಮಾತ್ರೆ ನುಂಗುವವರಿಗೆ ಅವುಗಳಿಂದ ಏನೂ ಉಪಯೋಗವಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ 17 ಹಕ್ಕುಗಳಿವೆ. ಮೊದಲನೆಯದೇ ಮಾಹಿತಿಯ ಹಕ್ಕು. ಅರ್ಥವಾಗದ ಅಕ್ಷರಗಳಲ್ಲಿ ಕೊಟ್ಟದ್ದನ್ನು ಮಾಹಿತಿ ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ.

ಎರಡನೇ ಸಲ ಆ ತಾಯಿ ಡಿಸ್ಚಾರ್ಜ್ ಆಗುವಾಗ ನಡೆದದ್ದನ್ನೂ ಹೇಳಬೇಕು. ವಾರ್ಡಿನ ಹಿರಿಯ ಸಿಸ್ಟರ್ ಒಬ್ಬರು, ನಿವೃತ್ತಿಗೆ ಹತ್ತಿರವಿದ್ದವರು, ಹುಡುಗಿಯನ್ನು ಹಾಸಿಗೆಯ ಪಕ್ಕ ಕೂರಿಸಿಕೊಂಡರು. ಖಾಲಿ ಬಾಟಲಿಗೆ ನೀರು ತುಂಬಿಸಿ, ಕೆಂಪು ಮುಚ್ಚಳದ ಸಿರಿಂಜು ಕೊಟ್ಟು ‘ಎಳಿ’ ಎಂದರು. ಮೊದಲ ಸಲ ಗುಳ್ಳೆ ಬಂತು. ಬೆರಳಲ್ಲಿ ಮೆಲ್ಲಗೆ ತಟ್ಟಿ ಗುಳ್ಳೆ ಹೊರಹಾಕುವುದನ್ನು ತೋರಿಸಿದರು. ಎರಡನೇ ಸಲ ಗೆರೆ ದಾಟಿತು. ಮೂರನೇ ಸಲ ಸರಿಯಾಗಿ 20. ಔಷಧಿ ಮಜ್ಜಿಗೆ ನೀರಿನಂತೆ ಮಬ್ಬಾಗಿರುತ್ತದೆ, ಕುಲುಕಬಾರದು, ಅಂಗೈಗಳ ನಡುವೆ ಇಟ್ಟು ಉರುಳಿಸಬೇಕು ಎಂದು ಹೇಳಿ ಮಾಡಿಸಿದರು. ಮನೆಯಲ್ಲಿ ಫ್ರಿಜ್ ಇಲ್ಲ ಎಂದಳು. ಹಾಗಾದರೆ ಬಾಟಲಿಯನ್ನು ನೀರು ಹೋಗದ ಡಬ್ಬಿಯಲ್ಲಿ ಹಾಕಿ, ನೀರಿರುವ ಮಣ್ಣಿನ ಮಡಕೆಯೊಳಗೆ ಇಡು, ಒಲೆಯ ಹತ್ತಿರ ಮಾತ್ರ ಬೇಡ ಎಂದರು. ‘ಅಮ್ಮನಿಗೆ ತಣ್ಣನೆಯ ಬೆವರು ಬಂದು, ಕೈ ನಡುಗಿ, ಮಾತು ತೊದಲಿದರೆ ಏನು ಮಾಡುತ್ತೀಯ?’ ಎಂದು ಕೇಳಿದರು. ಹುಡುಗಿ ಸುಮ್ಮನಿದ್ದಳು. ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸು, ಹದಿನೈದು ನಿಮಿಷ ನೋಡು, ಸುಧಾರಿಸದಿದ್ದರೆ ಇನ್ನೊಮ್ಮೆ ಕೊಡು, ಎಚ್ಚರವಿಲ್ಲದಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡು ಎಂದರು. ಕೊನೆಗೆ ‘ಈಗ ನೀನು ಸಿಸ್ಟರ್, ನಾನು ಪೇಷೆಂಟ್ ಕಡೆಯವಳು. ಎಲ್ಲವನ್ನೂ ನನಗೆ ಹೇಳಿಕೊಡು’ ಎಂದರು. ಹುಡುಗಿ ಹೇಳಿಕೊಟ್ಟಳು. ಒಂದು ಕಡೆ ತಪ್ಪಿದಾಗ ತಾನೇ ತಿದ್ದಿಕೊಂಡಳು.

ಗೋಡೆಯ ಗಡಿಯಾರ ನೋಡಿದೆ. ಎಲ್ಲ ಸೇರಿ ಹದಿನಾಲ್ಕು ನಿಮಿಷ. ನಾನು ಮೂರು ವರ್ಷದಲ್ಲಿ ಕಲಿತ ಅತ್ಯುತ್ತಮ ಪಾಠ ಅದು, ಯಾವ ಚಾರ್ಟೂ ಇಲ್ಲದ್ದು.

ಇನ್ನೊಂದು ಸಂಗತಿ ನಮ್ಮ ಮನೆಯದೇ. ನಾನು ಪಿಯುಸಿಯಲ್ಲಿದ್ದಾಗ ಅಜ್ಜನಿಗೆ ನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆ ಆಯಿತು. ರಾತ್ರಿ ಜೊತೆಗಿದ್ದವರು ಅಮ್ಮ. ನಡುರಾತ್ರಿ ಅಜ್ಜ ‘ಎತ್ತಿಗೆ ಹುಲ್ಲು ಹಾಕಿದೆಯಾ?’ ಎಂದು ಕೇಳತೊಡಗಿದರಂತೆ. ನಮ್ಮ ಮನೆಯ ಎತ್ತು ಮಾರಿ ಹತ್ತು ವರ್ಷವಾಗಿತ್ತು. ಅಮ್ಮ ಎರಡು ಸಲ ಹೋಗಿ ಹೇಳಿದರು: ‘ನಮ್ಮ ಮಾವ ಹೀಗೆ ಮಾತಾಡುವವರಲ್ಲ, ಏನೋ ಆಗಿದೆ.’ ವಯಸ್ಸಾದವರು, ಅರಿವಳಿಕೆಯ ಅಮಲು ಇನ್ನೂ ಇಳಿದಿಲ್ಲ, ಹೋಗಿ ಮಲಗಿ ಎಂದು ಕಳಿಸಿದರು. ಬೆಳಗಿನ ಜಾವ ಫಿಟ್ಸ್ ಬಂತು. ರಕ್ತ ಪರೀಕ್ಷೆ ಮಾಡಿದಾಗ ಸೋಡಿಯಂ (ರಕ್ತದಲ್ಲಿನ ಉಪ್ಪಿನ ಅಂಶ) 114ಕ್ಕೆ ಕುಸಿದಿತ್ತು. ಇರಬೇಕಾದದ್ದು 135ರ ಮೇಲೆ. ನಾಲ್ಕು ದಿನ ಐಸಿಯುನಲ್ಲಿದ್ದು ಅಜ್ಜ ಉಳಿದರು, ಈಗಲೂ ಇದ್ದಾರೆ. ಸೋಡಿಯಂ ಎಂದರೇನು ಎಂದು ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಮಾನಿಟರಿನಲ್ಲಿ ಕಾಣದ ಬದಲಾವಣೆ ಇಪ್ಪತ್ತು ವರ್ಷ ಊಟ ಬಡಿಸಿದ ಸೊಸೆಗೆ ಕಂಡಿತ್ತು.

ಇಂಥದ್ದು ನಮ್ಮಲ್ಲಿ ಮಾತ್ರ ಆಗುವುದಿಲ್ಲ. ಲಂಡನ್ನಿನ ದೊಡ್ಡ ಆಸ್ಪತ್ರೆಯೊಂದರಲ್ಲಿ 2021ರಲ್ಲಿ ಮಾರ್ಥಾ ಮಿಲ್ಸ್ ಎಂಬ ಹದಿಮೂರು ವರ್ಷದ ಹುಡುಗಿ ಸೋಂಕು ರಕ್ತಕ್ಕೇರಿ ತೀರಿಕೊಂಡಳು. ಮಗಳ ಸ್ಥಿತಿ ಹದಗೆಡುತ್ತಿದೆ ಎಂಬ ತಂದೆತಾಯಿಯ ಆತಂಕಕ್ಕೆ ಬೆಲೆ ಸಿಗಲಿಲ್ಲ. ಬೇಗ ತೀವ್ರ ನಿಗಾ ಘಟಕಕ್ಕೆ ಒಯ್ದಿದ್ದರೆ ಬದುಕುವ ಸಾಧ್ಯತೆ ಹೆಚ್ಚಿತ್ತು ಎಂದು ಮರುವರ್ಷ ವಿಚಾರಣೆಯಲ್ಲಿ ಹೊರಬಂತು. ಅವಳ ತಾಯಿ ಹಿಡಿದ ಪಟ್ಟು ಬಿಡದ್ದರಿಂದ 2024ರಿಂದ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಅವಳದೇ ಹೆಸರಿನ ನಿಯಮ ಬಂದಿದೆ. ರೋಗಿಯ ಸ್ಥಿತಿ ಬಿಗಡಾಯಿಸುತ್ತಿದೆ ಎಂದು ಮನೆಯವರಿಗೆ ಅನಿಸಿದರೆ, ಅದೇ ಆಸ್ಪತ್ರೆಯ ಬೇರೊಂದು ತಂಡವನ್ನು ಹಗಲಿರುಳು ಯಾವಾಗ ಬೇಕಾದರೂ ಕರೆಸಬಹುದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ರಯಾನ್ ಎಂಬ ಮಗುವಿನ ಸಾವಿನ ನಂತರ 2013ರಲ್ಲೇ ಇಂಥ ನಿಯಮ ಜಾರಿಗೆ ಬಂದಿತ್ತು. ಎರಡೂ ಕಡೆ ಒಂದು ಮಗು ಹೋಗಬೇಕಾಯಿತು.

ಇದನ್ನೆಲ್ಲ ಓದಿ ನನ್ನ ಹಿರಿಯ ಸಹೋದ್ಯೋಗಿಗಳು ಬೇಸರಪಟ್ಟುಕೊಳ್ಳಬಾರದು. ರಾತ್ರಿ ಪಾಳಿಯಲ್ಲಿ ಮೂವತ್ತಕ್ಕೂ ಹೆಚ್ಚು ರೋಗಿಗಳನ್ನು ಒಬ್ಬರೇ ಸಿಸ್ಟರ್ ನೋಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಂಜೆಕ್ಷನ್ ಕೊಡಬೇಕು, ಡ್ರಿಪ್ ಬದಲಿಸಬೇಕು, ಹೊಸ ಅಡ್ಮಿಷನ್ ತೆಗೆದುಕೊಳ್ಳಬೇಕು, ಹಲವು ರಿಜಿಸ್ಟರ್ ತುಂಬಬೇಕು. ಊಟದ ಡಬ್ಬಿ ಮುಚ್ಚಿದಂತೆಯೇ ಮನೆಗೆ ಹೋಗುವುದುಂಟು. ಅದರ ಮೇಲೆ ಕುಡಿದು ಬಂದ ಸಂಬಂಧಿಕರ ಬೈಗುಳ. ಆರೋಗ್ಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ನಮ್ಮ ರಾಜ್ಯದಲ್ಲಿ 2009ರ ಕಾಯ್ದೆಯೇ ಇದೆ ಎಂದರೆ ಪರಿಸ್ಥಿತಿ ಅರ್ಥವಾಗುತ್ತದೆ. ಆದರೆ ವಾರ್ಡಿನ ಬಾಗಿಲಲ್ಲಿ ನಾನು ನೋಡಿದ ಜಗಳಗಳಲ್ಲಿ ಬಹುಪಾಲು ‘ಯಾರೂ ಏನೂ ಹೇಳುತ್ತಿಲ್ಲ’ ಎಂಬ ಮಾತಿನಿಂದಲೇ ಶುರುವಾದವು. ಹೇಳಲು ಸಮಯವಿಲ್ಲ ಎಂಬುದು ನಿಜ. ಹಾಗಾದರೆ ಸಮಯವನ್ನು ಕೊಡಬೇಕಾದವರು ಸರ್ಕಾರ ಮತ್ತು ಆಸ್ಪತ್ರೆಯ ಆಡಳಿತ. ಖಾಲಿ ಹುದ್ದೆ ತುಂಬದೆ ನರ್ಸ್‌ಗಳ ಮೇಲೆ ಇನ್ನೊಂದು ರಿಜಿಸ್ಟರ್ ಹೇರಿದರೆ ಅದೂ ಕಾಟಾಚಾರವಾಗುತ್ತದೆ.

ನೂರಾ ಹೆಲ್ತ್ ಎಂಬ ಸಂಸ್ಥೆ ಬೆಂಗಳೂರಿನ ಒಂದು ಹೃದಯ ಆಸ್ಪತ್ರೆಯಿಂದ ಶುರು ಮಾಡಿ, ರೋಗಿಗಳ ಮನೆಯವರನ್ನು ವಾರ್ಡಿನಲ್ಲೇ ಕೂರಿಸಿ ನರ್ಸ್‌ಗಳಿಂದ ಆರೈಕೆ ಕಲಿಸುವ ಕೆಲಸವನ್ನು ನಮ್ಮ ಸರ್ಕಾರಿ ಆಸ್ಪತ್ರೆಗಳವರೆಗೂ ತಂದಿದೆ. ಅಂದರೆ ಇದು ಆಗದ ಕೆಲಸವಲ್ಲ. ಅದು ಯೋಜನೆ ಇರುವ ಕಡೆ ಮಾತ್ರ ನಡೆಯುವಂತೆ ಉಳಿಯಬಾರದು. ಮನೆಯವರಿಗೆ ಕಲಿಸದೆ, ಅವರಿಂದ ಮಾಡಿಸಿ ನೋಡದೆ ಡಿಸ್ಚಾರ್ಜ್ ಪೂರ್ತಿಯಾಗಬಾರದು. ಬಿಲ್ಲು, ಚೀಟಿ, ಸಹಿಗಳ ಸಾಲಿನಲ್ಲಿ ಇದೂ ಒಂದಾಗಿರಲಿ. ಚೀಟಿಯ ಹಿಂಬದಿ ಖಾಲಿಯಾಗಿಯೇ ಇರುತ್ತದೆ. ಅಲ್ಲಿ ಕನ್ನಡದಲ್ಲಿ ಯಾವ ಮಾತ್ರೆ ಯಾವ ಹೊತ್ತಿಗೆ, ಯಾವ ಲಕ್ಷಣ ಕಂಡರೆ ಓಡಿ ಬರಬೇಕು, ಅನುಮಾನ ಬಂದರೆ ಯಾವ ಸಂಖ್ಯೆಗೆ ಫೋನ್ ಮಾಡಬೇಕು ಎಂದು ನಾಲ್ಕು ಸಾಲು ಬರೆಯಬಹುದು. ಬೇರೆ ರಾಜ್ಯಗಳಿಂದ ಬಂದು ಇಲ್ಲಿ ಓದುವ ನನ್ನ ಗೆಳತಿಯರಿಗೂ, ನಮಗೂ, ರೋಗಿಯೊಂದಿಗೆ ಕನ್ನಡದಲ್ಲಿ ಮಾತಾಡುವುದನ್ನು ಪ್ರಾಯೋಗಿಕ ಪರೀಕ್ಷೆಯಲ್ಲಿ ನೋಡಲಿ. ಚಾರ್ಟಿನ ಅಂಕವನ್ನು ಕಡಿಮೆ ಮಾಡಿ, ಕೇಳಿದವರು ತಿರುಗಿ ಮಾಡಿ ತೋರಿಸಿದರೇ ಎಂಬುದಕ್ಕೆ ಅಂಕ ಕೊಡಲಿ.

ನರ್ಸ್‌ಗಳ ಟಿಪ್ಪಣಿಯ ಹಾಳೆಯಲ್ಲಿ ನಾಡಿ, ಜ್ವರ, ಬಿ.ಪಿ.ಗೆ ಅಂಕಣಗಳಿವೆ. ಪಕ್ಕದಲ್ಲಿ ‘ಮನೆಯವರು ಹೇಳಿದ್ದು’ ಎಂಬ ಒಂದು ಅಂಕಣವಿರಲಿ. ‘ಇವರು ಎಂದಿನಂತಿಲ್ಲ’ ಎಂದು ಯಾರಾದರೂ ಹೇಳಿದರೆ ಅದನ್ನು ಗಂಟೆ ಸಮೇತ ಬರೆದು, ಇನ್ನೊಮ್ಮೆ ಪರೀಕ್ಷಿಸಿ, ಡ್ಯೂಟಿ ವೈದ್ಯರಿಗೆ ತಿಳಿಸುವುದು ಕಡ್ಡಾಯವಾಗಲಿ. ಹತ್ತು ಸಲ ಅದು ಬರೀ ಗಾಬರಿ ಆಗಿರಬಹುದು. ಹನ್ನೊಂದನೆಯದು ನಮ್ಮ ಅಜ್ಜನದಾಗಿರಬಹುದು. ಓದುಗರಲ್ಲಿ ನನ್ನ ಬಿನ್ನಹವೂ ಒಂದಿದೆ. ಡಿಸ್ಚಾರ್ಜ್ ದಿನ ಗಾಡಿ ಹೊರಡುತ್ತದೆ ಎಂಬ ಅವಸರದಲ್ಲಿ ಚೀಟಿ ಮಡಚಿ ಜೇಬಿಗೆ ಹಾಕಬೇಡಿ. ‘ಸಿಸ್ಟರ್, ನಾನು ಒಮ್ಮೆ ಮಾಡಿ ತೋರಿಸುತ್ತೇನೆ, ಸರಿಯೇ ನೋಡಿ’ ಎಂದು ಕೇಳಿ. ಸಂಕೋಚ ಬೇಡ. ಕೇಳುವುದು ನಿಮ್ಮ ಹಕ್ಕು, ನೋಡುವುದು ನಮ್ಮ ಕೆಲಸ.

ಸ್ಥಳದ ಅಭಾವದಿಂದ ನನ್ನ ಪತ್ರವನ್ನು ಪೂರ್ತಿ ಪ್ರಕಟಿಸಲಾಗದಿದ್ದರೆ ಬೇಸರವಿಲ್ಲ. ಮುಂದಿನ ಮೂರು ಸಾಲುಗಳನ್ನು ಮಾತ್ರ ದಪ್ಪ ಅಕ್ಷರದಲ್ಲಿ ಹಾಕಿ:

ಇನ್ಸುಲಿನ್ ಬಾಟಲಿಯ ಮೇಲೆ 40 ಎಂದಿದ್ದರೆ ಕೆಂಪು ಮುಚ್ಚಳದ, 40 ಎಂದು ಬರೆದಿರುವ ಸಿರಿಂಜು.
ಬಾಟಲಿಯ ಮೇಲೆ 100 ಎಂದಿದ್ದರೆ ಕಿತ್ತಳೆ ಮುಚ್ಚಳದ, 100 ಎಂದು ಬರೆದಿರುವ ಸಿರಿಂಜು.
ಎರಡರ ಮೇಲಿನ ಸಂಖ್ಯೆ ಒಂದೇ ಆಗಿರದಿದ್ದರೆ ಚುಚ್ಚಬೇಡಿ, ಅಂಗಡಿಗೆ ಹಿಂದಿರುಗಿಸಿ ಬದಲಾಯಿಸಿಕೊಳ್ಳಿ.

ಇತಿ,
ಒಬ್ಬ ನರ್ಸಿಂಗ್ ವಿದ್ಯಾರ್ಥಿನಿ
(ಹೆಸರು ಪ್ರಕಟಿಸಬಾರದೆಂದು ಕೋರಿಕೆ)